ಗಡಿ ಕನ್ನಡದ ಅಧ್ಯಯನ ಮತ್ತು ಶೈಕ್ಷಣಿಕ ಚಿತ್ರ ನಿರ್ಮಾಣ

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಬೀದರ ಜಿಲ್ಲೆಯ ಅಹಮದಪುರ, ನಿಲಂಗಾ, ಉದಗೀರ ತಾಲ್ಲೂಕುಗಳು ಮುಂಬಯಿ ರಾಜ್ಯಕ್ಕೆ ಸೇರಿದವು. ಇಂದು ನಿಲಂಗಾ, ಉದಗೀರಗಳು ಲಾತೂರ ಜಿಲ್ಲೆಯಲ್ಲಿಯೂ ಉಮರ್ಗಾ ಧಾರಾಶಿವ ಜಿಲ್ಲೆಯಲ್ಲಿಯೂ ಇವೆ. ಇಲ್ಲಿ ಕನ್ನಡವು ಮುಖ್ಯವಾಗಿ ಮನೆ, ಹೊಲ, ಬೀಗತನಗಳ ಮಾತು. ಶಾಲೆ, ಕಚೇರಿಗಳ ಭಾಷೆ ಮರಾಠಿ. ಬರವಣಿಗೆಯ ಆಸರೆ ಕಡಿಮೆಯಿರುವ ಇಂಥ ನುಡಿಯ ಅಧ್ಯಯನದಲ್ಲಿ ಚಲನಚಿತ್ರವು ಪಾಠಕ್ಕೆ ಪೂರಕ ಮಾತ್ರವಲ್ಲ, ಮೂಲ ಆಕರವೂ ಹೌದು.

ವಿಶ್ವವಿದ್ಯಾಲಯ ಧನಸಹಾಯ ಆಯೋಗವು 1984ರಲ್ಲಿ ಇನ್ಸಾಟ್ ಉಪಗ್ರಹದ ಮೂಲಕ ಉನ್ನತ ಶಿಕ್ಷಣದ ದೂರದರ್ಶನ ಪ್ರಸಾರವನ್ನು ಆರಂಭಿಸಿತು. ಅಂಥ ಚಿತ್ರಗಳನ್ನು ತಯಾರಿಸುವ ಕೇಂದ್ರಗಳು ಪುಣೆ, ಮೈಸೂರು ವಿಶ್ವವಿದ್ಯಾಲಯಗಳಲ್ಲಿಯೂ ಇವೆ. ಆದರೆ ಪಠ್ಯಕ್ರಮವನ್ನು ಅನುಸರಿಸುವ ನಿರ್ಮಾಣದಲ್ಲಿ ಗಡಿಯ ಆಡುನುಡಿಗೆ ಸಹಜವಾದ ಸ್ಥಾನವಿಲ್ಲ. ಲಾತೂರ ಜಿಲ್ಲೆ ನಾಂದೇಡದ ವಿಶ್ವವಿದ್ಯಾಲಯದ ವ್ಯಾಪ್ತಿಗೂ ಧಾರಾಶಿವ ಡಾ. ಬಾಬಾಸಾಹೇಬ ಅಂಬೇಡ್ಕರ್ ಮರಾಠವಾಡಾ ವಿಶ್ವವಿದ್ಯಾಲಯದ ವ್ಯಾಪ್ತಿಗೂ ಸೇರಿರುವುದರಿಂದ ಒಂದೇ ನುಡಿವಲಯ ಇಬ್ಭಾಗವಾಗಿದೆ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನವು 2013ರಿಂದ ನಡೆಸುತ್ತಿರುವ ಅಳಿವಿನಂಚಿನ ಭಾಷೆಗಳ ಯೋಜನೆಯು 10,000ಕ್ಕಿಂತ ಕಡಿಮೆ ಭಾಷಿಕರಿರುವ ಭಾಷೆಗಳಿಗೆ ಮೀಸಲು. ಕೋಟ್ಯಂತರ ಜನರಾಡುವ ಕನ್ನಡದ ಅಂಚಿನ ರೂಪವೊಂದು ಕ್ಷೀಣಿಸಿದರೂ ಆ ಲೆಕ್ಕದೊಳಗೆ ಬರುವುದಿಲ್ಲ.

ಸಂಶೋಧನ ಚಿತ್ರ ಮತ್ತು ಬೋಧನ ಚಿತ್ರ ಎಂಬ ಭೇದ ಇಲ್ಲಿ ಉಪಯುಕ್ತವಾಗುತ್ತದೆ. ಜರ್ಮನಿಯ ಗೋಟಿಂಗನ್‌ನಲ್ಲಿ 1952ರಲ್ಲಿ ಆರಂಭವಾದ ವೈಜ್ಞಾನಿಕ ಚಿತ್ರಕೋಶವು ಒಂದು ಚಿತ್ರಕ್ಕೆ ಒಂದೇ ಕ್ರಿಯೆಯನ್ನು ವಿಷಯವಾಗಿಸಿ, ಅದಕ್ಕೆ ಲಿಖಿತ ವಿವರಣೆಯನ್ನು ಜೋಡಿಸುವ ಪದ್ಧತಿಯನ್ನು ರೂಢಿಸಿತು. ಸಂಶೋಧನ ಚಿತ್ರವು ಘಟನೆಯನ್ನು ಅಖಂಡವಾಗಿ ಉಳಿಸುತ್ತದೆ. ಬೋಧನ ಚಿತ್ರವು ಅದರಿಂದ ಆಯ್ದು, ಕ್ರಮಗೊಳಿಸಿ, ವಿವರಿಸುತ್ತದೆ. ಮೊದಲನೆಯದಿಲ್ಲದೆ ಎರಡನೆಯದನ್ನು ಮಾಡಿದರೆ ಕತ್ತರಿಸಿ ಬಿಟ್ಟ ಭಾಗದ ಪುನರ್ವಿಮರ್ಶೆ ಎಂದಿಗೂ ಸಾಧ್ಯವಾಗದು.

ಎಳ್ಳಮಾವಾಸ್ಯೆಯನ್ನು ನಿದರ್ಶನವಾಗಿ ನೋಡಬಹುದು. ಬೀದರ, ಕಲಬುರಗಿಗಳ ಈ ಹಬ್ಬವು ಲಾತೂರ, ಧಾರಾಶಿವಗಳಲ್ಲಿ ವೇಳಾ ಅಮಾವಾಸ್ಯೆ, ಯೇಳವಸ್ ಎಂದು ಪ್ರಸಿದ್ಧ. ಹೊಲದಲ್ಲಿ ಕಣಿಕೆಯ ಕೊಂಪೆ ಕಟ್ಟಿ, ಕಲ್ಲಿನ ಪಾಂಡವರನ್ನು ಪೂಜಿಸಿ, ಚರಗ ಚೆಲ್ಲಿ, ಭಜ್ಜಿ, ಅಂಬಲಿಗಳ ಊಟ ಮಾಡುತ್ತಾರೆ. ಪೂಜೆಯ ಮಾತು, ಮಕ್ಕಳಿಗೆ ಹೇಳುವ ಮಾತು, ಅತಿಥಿಯನ್ನು ಕರೆಯುವ ಮಾತು ಯಾವ ಭಾಷೆಯಲ್ಲಿವೆ, ಎಲ್ಲಿ ಬದಲಾಗುತ್ತವೆ ಎಂಬುದನ್ನು ಪದಪಟ್ಟಿ ತಿಳಿಸಲಾರದು. ಯಾರು ಯಾರತ್ತ ತಿರುಗಿ ಮಾತನಾಡಿದರೆಂಬುದನ್ನು ಧ್ವನಿಮುದ್ರಣವೂ ತೋರಿಸದು.

ಆದ್ದರಿಂದ ಚಿತ್ರೀಕರಣದಲ್ಲಿ ದೀರ್ಘ ದೃಶ್ಯಗಳೂ ಸ್ಥಳದ ಮೂಲ ಧ್ವನಿಯೂ ಇರಬೇಕು. ಹಿನ್ನೆಲೆ ಸಂಗೀತ, ಮೇಲುನಿರೂಪಣೆಗಳು ಆಕರಪ್ರತಿಯಲ್ಲಿ ಸಲ್ಲವು. ಎಲಾನ್‌ನಂಥ ತಂತ್ರಾಂಶದಲ್ಲಿ ಮೂಲ ಉಚ್ಚಾರ, ಕನ್ನಡ ಅರ್ಥ, ಮರಾಠಿ ಅರ್ಥಗಳನ್ನು ಪ್ರತ್ಯೇಕ ಸಾಲುಗಳಲ್ಲಿ ಕಾಲಕ್ಕೆ ಹೊಂದಿಸಿ ದಾಖಲಿಸಬಹುದು. ಆಡುನುಡಿಯನ್ನು ಶಿಷ್ಟ ಕನ್ನಡಕ್ಕೆ ತಿದ್ದಿದರೆ ದಾಖಲೆಯ ಉದ್ದೇಶವೇ ಕೆಡುತ್ತದೆ. ಭಾಗವಹಿಸಿದವರ ಸಮ್ಮತಿ ಮೊದಲಿನ ಕರ್ತವ್ಯ; ಊರಿಗೊಂದು ಪ್ರತಿ ಕೊಡುವುದು ಕೊನೆಯ ಕರ್ತವ್ಯ. ಬೋಧನ ಚಿತ್ರಕ್ಕೆ ಇದೇ ಆಕರದಿಂದ ಇಪ್ಪತ್ತು ನಿಮಿಷಗಳನ್ನು ಆಯ್ದು, ಎರಡೂ ಭಾಷೆಗಳ ಉಪಶೀರ್ಷಿಕೆ ನೀಡಿದರೆ ನಾಂದೇಡದ ತರಗತಿಗೂ ಕಲಬುರಗಿಯ ತರಗತಿಗೂ ಅದು ಸಲ್ಲುತ್ತದೆ.

1993ರ ಸೆಪ್ಟೆಂಬರ್ 30ರ ಭೂಕಂಪದಲ್ಲಿ ಲಾತೂರ, ಉಸ್ಮಾನಾಬಾದ ಜಿಲ್ಲೆಗಳ ಅನೇಕ ಹಳ್ಳಿಗಳು ನೆಲಸಮವಾಗಿ, ಬೇರೆಡೆ ಹೊಸ ಊರುಗಳಾದವು. ಹಳೆಯ ಓಣಿ, ಅಂಗಳ, ನೆರೆಹೊರೆಗಳೊಡನೆ ಅವುಗಳಲ್ಲಿ ನಡೆಯುತ್ತಿದ್ದ ಮಾತಿನ ಸನ್ನಿವೇಶಗಳೂ ಹೋದವು. ಭೂಕಂಪವು ಒಂದು ರಾತ್ರಿಯಲ್ಲಿ ಮಾಡಿದ್ದನ್ನು ತಲೆಮಾರುಗಳ ಬದಲಾವಣೆ ಸದ್ದಿಲ್ಲದೆ ಮಾಡುತ್ತದೆ. ಮನೆಯಲ್ಲಿ ಕನ್ನಡವಾಡುವ ಹಿರಿಯರು ಇರುವಾಗಲೇ ಈ ಕೆಲಸ ನಡೆಯಬೇಕು.