ಗೊಬ್ಬರದ ರಾಶಿಯಲ್ಲಿ ಹಾವಿನ ಮೊಟ್ಟೆ

ಗೊಬ್ಬರ ತೆಗೆಯುವಾಗ ಬೆಳ್ಳಗಿನ, ನೀಳವಾದ ಮೊಟ್ಟೆಗಳ ಗುಂಪು ಸಿಗುವುದುಂಟು. ಕೋಳಿಮೊಟ್ಟೆಯಂತೆ ಗಟ್ಟಿ ಸಿಪ್ಪೆಯಲ್ಲ, ತೊಗಲಿನಂತೆ ಮೆತ್ತಗೆ. ಹಾವಿನದೆಂದು ಜಜ್ಜಿ ಹಾಕುವ ಮೊದಲು ಸ್ವಲ್ಪ ತಾಳಿ.

ಕೋಳಿ ತನ್ನ ಮೈಬಿಸಿಯಿಂದ ಕಾವು ಕೊಟ್ಟು 21 ದಿನಕ್ಕೆ ಮರಿ ಮಾಡುತ್ತದೆ. ಹಾವಿಗೆ ಅಂಥ ಮೈಬಿಸಿ ಇಲ್ಲ. ಹಾಗಾಗಿ ಬೆಚ್ಚಗಿನ, ತೇವವಿರುವ ಜಾಗ ಹುಡುಕಬೇಕು. ಹುತ್ತ, ಇಲಿಬಿಲ, ಗೊಬ್ಬರದ ರಾಶಿ ಅದಕ್ಕೆ ಒಗ್ಗುತ್ತವೆ. ಕೇರೆ, ನಾಗರದ ಮೊಟ್ಟೆ ಒಡೆಯಲು ಸುಮಾರು ಎರಡು ತಿಂಗಳು ಬೇಕು. ಕಾಳಿಂಗ ಸರ್ಪವಂತೂ ತರಗೆಲೆ ಒಟ್ಟುಮಾಡಿ ಗೂಡು ಕಟ್ಟಿ ಕಾಯುತ್ತದೆ.

ಕೊಳಕುಮಂಡಲದ ದಾರಿಯೇ ಬೇರೆ. ಅದು ಮೊಟ್ಟೆ ಇಡುವುದಿಲ್ಲ, ಮರಿ ಹಾಕುತ್ತದೆ. ಒಂದು ಸಲಕ್ಕೆ 20-40 ಮರಿ ಸಾಮಾನ್ಯ. ಹೆಚ್ಚಾಗಿ ಮೇಯಿಂದ ಜುಲೈಯೊಳಗೆ. ಮರಿ ಹಾಕಿತೆಂದು ಹಸುವಿನ ಹಾಗೆ ಹಾಲೂಡಿ ಸಾಕುವುದೇನೂ ಇಲ್ಲ. ಹುಟ್ಟಿದ ದಿನವೇ ಮರಿ ತನ್ನ ಪಾಡಿಗೆ ತಾನು. ವಿಷವೂ ಅಂದೇ ಸಿದ್ಧ!

ನಾವು ಸೊಪ್ಪು, ತರಗೆಲೆ ಬಾಚುವುದೂ ಅದೇ ಹೊತ್ತಿಗೆ. ಬರಿಗೈ ಹಾಕಬೇಡಿ. ಕೋಲಿನಿಂದ ಕೆದಕಿ ನೋಡಿ, ಬೂಟು ಹಾಕಿಕೊಳ್ಳಿ. ಗೇಣುದ್ದದ ಮರಿ ಕಚ್ಚಿದರೂ ಉದಾಸೀನ ಬೇಡ. ಬಿಗಿದು ಕಟ್ಟುವುದು, ಕೊಯ್ಯುವುದು ಬಿಟ್ಟು ನೇರ ಆಸ್ಪತ್ರೆಗೆ ಹೋಗಿ.

ಮೊಟ್ಟೆ ಕಂಡರೆ ಮುಟ್ಟದೆ ಹಿಂದೆ ಸರಿಯಿರಿ. ತಾಯಿ ಹತ್ತಿರವೇ ಇರಬಹುದು. ಮೊಟ್ಟೆ ಮಗುಚಿದರೆ ಒಳಗಿನ ಮರಿ ಸಾಯುವ ಸಂಭವವಿದೆ. ಮನೆ, ಹಟ್ಟಿಗೆ ಹತ್ತಿರವಾದರೆ ಅರಣ್ಯ ಇಲಾಖೆಗೆ ತಿಳಿಸಿ. ತೋಟದ ಮೂಲೆಯಾದರೆ ಎರಡು ತಿಂಗಳು ಆ ರಾಶಿ ಬಿಟ್ಟು ಬೇರೆಯದನ್ನು ಬಳಸಿ. ಕೇರೆಯ ಮರಿಗಳಾದರೆ ಲಾಭ ನಮಗೇ: ದೊಡ್ಡದಾದ ಮೇಲೆ ಗದ್ದೆಯ ಇಲಿ ಹಿಡಿಯುವವು ಅವೇ ತಾನೆ?