ಪ್ರವಾಸಕ್ಕೆ ಪುಟ್ಟ ಕ್ಯಾಮೆರಾ: ಯಾವುದನ್ನು ಕೊಳ್ಳೋಣ?

ಮಕ್ಕಳೇ, ಈ ವರ್ಷ ನಿಮ್ಮ ಶಾಲೆಯವರು ನಮ್ಮ ಸುತ್ತಮುತ್ತಲಿನ ಸ್ಥಳಗಳಿಗೇ ಪ್ರವಾಸ ಹೋಗುವುದೆಂದು ತೀರ್ಮಾನಿಸಿದ್ದಾರೆ ಎಂದುಕೊಳ್ಳಿ. ಸೇಡಂ ತಾಲ್ಲೂಕಿನ ಮಳಖೇಡ, ಚಿತ್ತಾಪುರದ ಹತ್ತಿರದ ನಾಗಾವಿ, ಸನ್ನತಿಯ ಬಳಿಯ ಕನಗನಹಳ್ಳಿ, ಶಹಾಬಾದ, ವಾಡಿ, ಚಿಂಚೋಳಿ ಕಾಡು. ನೋಡಿದ್ದನ್ನೆಲ್ಲ ಗೋಡೆ ಪತ್ರಿಕೆಯಲ್ಲಿ ಹಾಕಬೇಕು. ಅದಕ್ಕೆ ಒಂದು ಪುಟ್ಟ ಕ್ಯಾಮೆರಾ ಬೇಕು. ಕೈಯಲ್ಲಿರುವ ಹಣ ಮಾತ್ರ ಕಡಿಮೆ. ತಪ್ಪು ಆರಿಸಿದರೆ ಹಣವೂ ಹೋಯಿತು, ಚಿತ್ರವೂ ಮಸುಕಾಯಿತು.

ಅಂಗಡಿಯಲ್ಲಿ “ಇದು 20 ಮೆಗಾಪಿಕ್ಸೆಲ್, ಅದು 48 ಮೆಗಾಪಿಕ್ಸೆಲ್” ಎನ್ನುತ್ತಾರೆ. ಹಾಗಾದರೆ ದೊಡ್ಡ ಸಂಖ್ಯೆಯದೇ ಒಳ್ಳೆಯದೇ? ಉತ್ತರ ನಿಮ್ಮ ವಿಜ್ಞಾನ ಪುಸ್ತಕದ ‘ಬೆಳಕು’ ಪಾಠದಲ್ಲೇ ಇದೆ.

ಕ್ಯಾಮೆರಾದ ಒಳಗೆ ಏನಿದೆ?

ಕ್ಯಾಮೆರಾ ಎಂದರೆ ಒಂದು ಕತ್ತಲ ಪೆಟ್ಟಿಗೆ. ಮುಂದೆ ಒಂದು ಮಸೂರ, ಹಿಂದೆ ಸೆನ್ಸರ್ ಎಂಬ ಪುಟ್ಟ ಫಲಕ. ಮಸೂರವು ಬೆಳಕನ್ನು ಬಾಗಿಸಿ ಈ ಫಲಕದ ಮೇಲೆ ತಲೆಕೆಳಗಾದ ಬಿಂಬವನ್ನು ಮೂಡಿಸುತ್ತದೆ. ಫಲಕದ ತುಂಬ ಲಕ್ಷಾಂತರ ಸೂಕ್ಷ್ಮ ಮನೆಗಳಿವೆ. ಪ್ರತಿ ಮನೆಯೂ ತನ್ನ ಮೇಲೆ ಬಿದ್ದ ಬೆಳಕನ್ನು ವಿದ್ಯುತ್ ಸಂಕೇತವಾಗಿ ಬದಲಿಸುತ್ತದೆ. ಈ ಒಂದೊಂದು ಮನೆಯೇ ಚಿತ್ರದ ಒಂದೊಂದು ಚುಕ್ಕೆ, ಅಂದರೆ ಪಿಕ್ಸೆಲ್. ಹತ್ತು ಲಕ್ಷ ಪಿಕ್ಸೆಲ್ ಸೇರಿದರೆ ಒಂದು ಮೆಗಾಪಿಕ್ಸೆಲ್.

ಅಮೆರಿಕದ ಕೊಡಾಕ್ ಕಂಪನಿಯ ಸ್ಟೀವನ್ ಸ್ಯಾಸನ್ ಎಂಬ ಎಂಜಿನಿಯರು 1975ರಲ್ಲಿ ಒಂದು ಡಿಜಿಟಲ್ ಕ್ಯಾಮೆರಾ ತಯಾರಿಸಿದರು. ಅದರ ತೂಕ ಸುಮಾರು 3.6 ಕಿಲೋಗ್ರಾಂ. ಅದರಲ್ಲಿ ಇದ್ದದ್ದು ಕೇವಲ 10,000 ಪಿಕ್ಸೆಲ್. ಒಂದು ಕಪ್ಪು-ಬಿಳುಪು ಚಿತ್ರವನ್ನು ಕ್ಯಾಸೆಟ್ ಟೇಪಿನ ಮೇಲೆ ದಾಖಲಿಸಲು 23 ಸೆಕೆಂಡು ಬೇಕಾಗುತ್ತಿತ್ತು! ಇಂದು ಅಂಗಿ ಜೇಬಿನ ಕ್ಯಾಮೆರಾದಲ್ಲಿ ಕೋಟಿಗಟ್ಟಲೆ ಪಿಕ್ಸೆಲ್‌ಗಳಿವೆ.

ನಮಗೆ ಎಷ್ಟು ಮೆಗಾಪಿಕ್ಸೆಲ್ ಬೇಕು?

ಲೆಕ್ಕ ಮಾಡೋಣ. ಒಳ್ಳೆಯ ಮುದ್ರಣಕ್ಕೆ ಒಂದು ಇಂಚಿನ ಉದ್ದದಲ್ಲಿ 300 ಚುಕ್ಕೆ ಸಾಕು. 6 ಇಂಚು ಅಗಲ, 4 ಇಂಚು ಎತ್ತರದ ಫೋಟೋಗೆ 1800 × 1200, ಅಂದರೆ 21,60,000 ಚುಕ್ಕೆಗಳು. ಸುಮಾರು 2 ಮೆಗಾಪಿಕ್ಸೆಲ್ ಅಷ್ಟೇ. ಗೋಡೆ ಪತ್ರಿಕೆಗೆ ಹಾಕುವ 12 × 8 ಇಂಚಿನ ದೊಡ್ಡ ಚಿತ್ರಕ್ಕೂ 86,40,000 ಚುಕ್ಕೆ, ಸುಮಾರು 9 ಮೆಗಾಪಿಕ್ಸೆಲ್ ಸಾಕು. 12ರಿಂದ 16 ಇದ್ದರೆ ಧಾರಾಳವಾಯಿತು.

ಇನ್ನೊಂದು ಎಚ್ಚರಿಕೆ. ಬಹಳ ಕಡಿಮೆ ಬೆಲೆಯ ಕೆಲವು ಆಟಿಕೆಯಂಥ ಕ್ಯಾಮೆರಾಗಳು ಇದ್ದ ಚುಕ್ಕೆಗಳ ನಡುವೆ ಊಹೆಯ ಚುಕ್ಕೆಗಳನ್ನು ತುಂಬಿ ದೊಡ್ಡ ಸಂಖ್ಯೆ ತೋರಿಸುತ್ತವೆ. ಅದರಿಂದ ಚಿತ್ರದ ಅಳತೆ ಹಿಗ್ಗುತ್ತದೆಯೇ ಹೊರತು ಹೊಸ ವಿವರ ಬರುವುದಿಲ್ಲ.

ನಾಗಾವಿಯ ಕಂಬಗಳ ನಡುವೆ

ನಾಗಾವಿಯಲ್ಲಿ 11ನೇ ಶತಮಾನದಲ್ಲಿ ದೊಡ್ಡ ವಿದ್ಯಾಕೇಂದ್ರವಿತ್ತು. ಅದನ್ನು ಘಟಿಕಾಸ್ಥಾನ ಎನ್ನುತ್ತಿದ್ದರು. ಅಲ್ಲಿಯ ಅರವತ್ತು ಕಂಬದ ಗುಡಿಯ ಒಳಗೆ ಹೋಗಿ ನಿಂತರೆ ಹೊರಗಿನಷ್ಟು ಬೆಳಕಿಲ್ಲ. ಇಂಥ ಕಡೆ ಕ್ಯಾಮೆರಾದ ನಿಜವಾದ ಪರೀಕ್ಷೆ ನಡೆಯುತ್ತದೆ.

ಮಳೆ ಬರುವಾಗ ಅಂಗಳದಲ್ಲಿ ಒಂದು ಲೋಟ, ಒಂದು ಅಗಲವಾದ ಪರಾತ ಇಡಿ. ಯಾವುದರಲ್ಲಿ ಹೆಚ್ಚು ನೀರು ಸಂಗ್ರಹವಾಗುತ್ತದೆ? ಪರಾತದಲ್ಲಿ, ಅಲ್ಲವೇ? ಸೆನ್ಸರ್ ಕೂಡ ಹಾಗೆಯೇ. ಅಗಲವಾದಷ್ಟೂ ಹೆಚ್ಚು ಬೆಳಕು. ಸಾಮಾನ್ಯ ಪುಟ್ಟ ಕ್ಯಾಮೆರಾದ ಸೆನ್ಸರ್ ಸುಮಾರು 6.17 ಮಿ.ಮೀ. ಅಗಲ, 4.55 ಮಿ.ಮೀ. ಎತ್ತರ ಇರುತ್ತದೆ. ಕ್ಷೇತ್ರಫಲ ಸುಮಾರು 28 ಚದರ ಮಿ.ಮೀ. ‘ಒಂದು ಇಂಚಿನದು’ ಎಂದು ಕರೆಯುವ ಸೆನ್ಸರ್ 13.2 × 8.8 ಮಿ.ಮೀ. ಇರುತ್ತದೆ, ಕ್ಷೇತ್ರಫಲ ಸುಮಾರು 116 ಚದರ ಮಿ.ಮೀ., ಅಂದರೆ ನಾಲ್ಕು ಪಟ್ಟು. ಆದರೆ ಅದರ ಬೆಲೆಯೂ ಬಹಳ ಹೆಚ್ಚು.

ನಮ್ಮ ಹಣಕ್ಕೆ ಸಣ್ಣ ಸೆನ್ಸರೇ ಸಿಗುವುದಾದರೆ ಏನು ಮಾಡುವುದು? ಪರಾತದಷ್ಟೇ ಜಾಗದಲ್ಲಿ 10 ಬಟ್ಟಲು ಇಟ್ಟರೆ ಒಂದೊಂದರಲ್ಲೂ ಹೆಚ್ಚು ನೀರು. 20 ಚಿಕ್ಕ ಬಟ್ಟಲು ಇಟ್ಟರೆ ಒಂದೊಂದರಲ್ಲೂ ಕಡಿಮೆ. ಹಾಗೆಯೇ ಸಣ್ಣ ಸೆನ್ಸರಿನಲ್ಲಿ ಪಿಕ್ಸೆಲ್‌ಗಳನ್ನು ಕಿಕ್ಕಿರಿದು ತುಂಬಿದರೆ ಒಂದೊಂದಕ್ಕೂ ಸಿಗುವ ಬೆಳಕು ಕಡಿಮೆ. ಮಬ್ಬು ಬೆಳಕಿನಲ್ಲಿ ಚಿತ್ರದ ಮೇಲೆ ರವೆ ಚೆಲ್ಲಿದಂತೆ ಕಾಣುವುದಕ್ಕೆ ಇದೂ ಒಂದು ಕಾರಣ.

ಬೆಳಕು ಒಳಬರುವ ಕಿಂಡಿಯನ್ನೂ ನೋಡಬೇಕು. ಮಸೂರದ ಸುತ್ತ 1:2.8 ಎಂದೋ 1:5.6 ಎಂದೋ ಬರೆದಿರುತ್ತದೆ. ಎರಡನೆಯ ಸಂಖ್ಯೆ ಚಿಕ್ಕದಾದಷ್ಟೂ ಒಳಬರುವ ಬೆಳಕು ಹೆಚ್ಚು. 2.8ರ ಎರಡರಷ್ಟು 5.6. ಆದರೆ ಬೆಳಕು ಅರ್ಧವಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ! ವೃತ್ತದ ವ್ಯಾಸ ಅರ್ಧವಾದರೆ ವಿಸ್ತೀರ್ಣ ಕಾಲು ಭಾಗವಾಗುತ್ತದೆ ಎಂಬುದನ್ನು ನೆನಪಿಸಿಕೊಳ್ಳಿ.

ಫ್ಲಾಶ್ ಆರಿಸುವ ಗುಂಡಿ ಇದೆಯೇ?

ಕನಗನಹಳ್ಳಿಯ ಬೌದ್ಧ ಸ್ತೂಪದ ಉತ್ಖನನದಲ್ಲಿ ಅಶೋಕ ಚಕ್ರವರ್ತಿಯ ಶಿಲ್ಪ ದೊರೆಯಿತು. ಅದರ ಮೇಲೆ ಬ್ರಾಹ್ಮಿ ಲಿಪಿಯಲ್ಲಿ ‘ರಾಯೋ ಅಸೋಕೋ’ ಎಂದು ಕೊರೆದಿದೆ. ಕಲ್ಲಿನಲ್ಲಿ ಕೊರೆದ ಅಕ್ಷರ ನಮಗೆ ಕಾಣುವುದು ಅದರೊಳಗೆ ಬೀಳುವ ನೆರಳಿನಿಂದ. ಕ್ಯಾಮೆರಾದ ಫ್ಲಾಶ್ ಎದುರಿನಿಂದಲೇ ಬೆಳಕು ಚೆಲ್ಲುತ್ತದೆ. ಆಗ ನೆರಳು ಮಾಯವಾಗಿ ಅಕ್ಷರವೂ ಮಾಯ! ಆದ್ದರಿಂದ ಫ್ಲಾಶ್ ಆರಿಸಲು ಬರುವ ಕ್ಯಾಮೆರಾ ಬೇಕು. ಬಯಲಿನ ಶಾಸನಗಳನ್ನು ಬೆಳಗ್ಗೆ ಅಥವಾ ಸಂಜೆ, ಬಿಸಿಲು ಓರೆಯಾಗಿ ಬೀಳುವಾಗ ತೆಗೆಯಿರಿ. ಇಂಥ ಸ್ಥಳಗಳಲ್ಲಿ ಮೊದಲು ಸಿಬ್ಬಂದಿಯ ಅನುಮತಿ ಕೇಳಿ. ಮಬ್ಬು ಬೆಳಕಿದ್ದರೆ ಕ್ಯಾಮೆರಾವನ್ನು ನಿಮ್ಮ ಪಾಟಿಚೀಲದ ಮೇಲೆ ಅಲುಗದಂತೆ ಇಟ್ಟು, ಟೈಮರ್ ಹಾಕಿ ತೆಗೆಯಿರಿ.

ಚಿಂಚೋಳಿಯ ಹಕ್ಕಿ ಹತ್ತಿರ ಬರುವುದು ಹೇಗೆ?

ಚಿಂಚೋಳಿಯ ಕಾಡನ್ನು 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಲಾಯಿತು. ಅಲ್ಲಿಯ ಚಂದ್ರಂಪಳ್ಳಿ ಜಲಾಶಯದ ದೂರದ ದಂಡೆಯಲ್ಲಿ ಒಂದು ಬೆಳ್ಳಕ್ಕಿ ನಿಂತಿದೆ ಎನ್ನೋಣ. ನಾವು ಹತ್ತಿರ ಹೋದರೆ ಅದು ಹಾರುತ್ತದೆ. ಆಗ ಜೂಮ್ ಬೇಕು.

ಜೂಮ್‌ನಲ್ಲಿ ಎರಡು ಬಗೆ. ಮಸೂರಗಳೇ ಹಿಂದೆ ಮುಂದೆ ಸರಿದು ಬಿಂಬವನ್ನು ದೊಡ್ಡದು ಮಾಡಿದರೆ ಅದು ಆಪ್ಟಿಕಲ್ ಜೂಮ್. ಚಿತ್ರದ ಅಂಚುಗಳನ್ನು ಕತ್ತರಿಸಿ, ಉಳಿದದ್ದನ್ನು ಹಿಗ್ಗಿಸಿದರೆ ಅದು ಡಿಜಿಟಲ್ ಜೂಮ್. 16 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ 2 ಪಟ್ಟು ಡಿಜಿಟಲ್ ಜೂಮ್ ಮಾಡಿದರೆ ನಿಜವಾಗಿ ಉಳಿಯುವುದು 4 ಮೆಗಾಪಿಕ್ಸೆಲ್. 4 ಪಟ್ಟು ಮಾಡಿದರೆ ಕೇವಲ 1. ಆದ್ದರಿಂದ ಆಪ್ಟಿಕಲ್ ಜೂಮ್ ಎಷ್ಟೆಂದು ಮಾತ್ರ ಕೇಳಿ. ಮಸೂರದ ಸುತ್ತ 5.0–25.0 ಮಿ.ಮೀ. ಎಂದಿದ್ದರೆ 25ನ್ನು 5ರಿಂದ ಭಾಗಿಸಿ. 5 ಪಟ್ಟು ಆಪ್ಟಿಕಲ್ ಜೂಮ್ ಎಂದು ನೀವೇ ಹೇಳಬಹುದು.

ಶಹಾಬಾದ, ವಾಡಿಯ ದೂಳು

ಶಹಾಬಾದಿನ ಕಲ್ಲುಗಣಿಗಳು, ವಾಡಿಯ ಸಿಮೆಂಟ್ ಕಾರ್ಖಾನೆ ಇರುವ ಪ್ರದೇಶ ನಮ್ಮದು. ಸುಣ್ಣಕಲ್ಲಿನ ನವಿರಾದ ದೂಳು ಗಾಳಿಯಲ್ಲಿರುತ್ತದೆ. ಪುಟ್ಟ ಕ್ಯಾಮೆರಾದ ಮಸೂರದ ಕೊಳವೆ ಹೊರಬಂದು ಒಳಹೋಗುವಾಗ ಈ ದೂಳು ಸಂದಿಯಲ್ಲಿ ಸೇರಿ ಕೊಳವೆ ಸಿಕ್ಕಿಕೊಳ್ಳಬಹುದು. ದೂಳಿದ್ದಾಗ ಕ್ಯಾಮೆರಾ ತೆರೆಯಬೇಡಿ; ಕೆಲಸ ಮುಗಿದೊಡನೆ ಚೀಲಕ್ಕೆ ಹಾಕಿ. ಮಸೂರವನ್ನು ಅಂಗಿಯ ಅಂಚಿನಿಂದ ಉಜ್ಜಿದರೆ ಗೀರು ಬೀಳುತ್ತದೆ. ನಮ್ಮ ಬೇಸಿಗೆಯಲ್ಲಿ ನಿಂತ ಬಸ್ಸಿನೊಳಗೆ ಬಿಟ್ಟರೆ ಬ್ಯಾಟರಿ ಕೆಡುತ್ತದೆ. ಫೋಟೋಗಾಗಿ ಗಣಿಯ ಅಂಚಿಗೂ ರೈಲು ಹಳಿಯ ಬಳಿಗೂ ಹೋಗಲೇಬಾರದು.

ಹೊಸದೋ, ಹಳೆಯದೋ, ಫೋನೇ ಸಾಕೋ?

ಜಪಾನಿನ ಕ್ಯಾಮೆರಾ ತಯಾರಕರ ಸಂಘದ ಲೆಕ್ಕದಂತೆ 2008ರಲ್ಲಿ ಮಸೂರ ಬದಲಿಸಲಾಗದ ಇಂಥ ಕ್ಯಾಮೆರಾಗಳು ಸುಮಾರು 11 ಕೋಟಿ ರವಾನೆಯಾಗಿದ್ದವು. 2023ರಲ್ಲಿ 20 ಲಕ್ಷಕ್ಕೂ ಕಡಿಮೆ. ಫೋನು ಅವುಗಳ ಜಾಗಕ್ಕೆ ಬಂತು. ಹಗಲಿನಲ್ಲಿ ಮಳಖೇಡದ ಕೋಟೆಯನ್ನೋ ಕಾಗಿಣಾ ನದಿಯನ್ನೋ ತೆಗೆಯಲು ಶಿಕ್ಷಕರ ಫೋನೇ ಸಾಕು. ದೂರದ ಹಕ್ಕಿಗೆ ಆಪ್ಟಿಕಲ್ ಜೂಮ್ ಇರುವ ಕ್ಯಾಮೆರಾ ಮೇಲು.

ಯಾರದೋ ಮನೆಯ ಕಪಾಟಿನಲ್ಲಿರುವ ಹಳೆಯ ಕ್ಯಾಮೆರಾ ಅಗ್ಗಕ್ಕೆ ಸಿಕ್ಕರೆ ಹೀಗೆ ಪರೀಕ್ಷಿಸಿ: ಕೊಳವೆ ಸದ್ದಿಲ್ಲದೆ ಹೊರಬರಬೇಕು. ಬಿಳಿ ಗೋಡೆಯ ಚಿತ್ರ ತೆಗೆದಾಗ ಕಪ್ಪು ಕಲೆ ಕಾಣಬಾರದು. ಬ್ಯಾಟರಿ ಉಬ್ಬಿರಬಾರದು. ಅದಕ್ಕೆ ಹೊಂದುವ ಬ್ಯಾಟರಿ, ಚಾರ್ಜರ್, ಮೆಮೊರಿ ಕಾರ್ಡ್ ಈಗಲೂ ಸಿಗುವಂತಿರಬೇಕು. ಇವುಗಳ ಬೆಲೆಯನ್ನೂ ಕೂಡಿಸಿಯೇ ‘ಅಗ್ಗ’ ಎನ್ನಿ.

ಮಾಡಿ ನೋಡಿ

ಕಿಟಕಿಯ ಎದುರು ಗೋಡೆಯ ಬಳಿ ಭೂತಗನ್ನಡಿ ಹಿಡಿಯಿರಿ. ಹಿಂದೆ ಮುಂದೆ ಸರಿಸಿದರೆ ಗೋಡೆಯ ಮೇಲೆ ಕಿಟಕಿಯ ತಲೆಕೆಳಗಾದ ಬಿಂಬ ಮೂಡುತ್ತದೆ. ಈಗ ಮಸೂರದ ಅರ್ಧ ಭಾಗವನ್ನು ರಟ್ಟಿನಿಂದ ಮುಚ್ಚಿ. ಅರ್ಧ ಕಿಟಕಿ ಮಾಯವಾಯಿತೇ? ಇಲ್ಲ! ಇಡೀ ಕಿಟಕಿ ಕಾಣುತ್ತದೆ, ಆದರೆ ಮಬ್ಬಾಗಿ. ಏಕೆ? ಮಸೂರದ ಪ್ರತಿ ಭಾಗವೂ ಇಡೀ ಬಿಂಬವನ್ನು ಮೂಡಿಸುತ್ತದೆ; ಕಡಿಮೆಯಾದದ್ದು ಬೆಳಕು ಮಾತ್ರ. (ಮಸೂರದ ಮೂಲಕ ಸೂರ್ಯನನ್ನು ಎಂದೂ ನೋಡಬೇಡಿ.)

ಕ್ಯಾಮೆರಾ ಕೊಳ್ಳುವಾಗ ಡಬ್ಬಿಯ ಮೇಲಿನ ದೊಡ್ಡ ಸಂಖ್ಯೆಗೆ ಮರುಳಾಗದೆ, “ನಾವು ಎಲ್ಲಿ, ಯಾವ ಬೆಳಕಿನಲ್ಲಿ, ಏನನ್ನು ತೆಗೆಯುತ್ತೇವೆ?” ಎಂದು ಮೊದಲು ಕೇಳಿಕೊಳ್ಳಿ. ನಿಮ್ಮ ಪ್ರವಾಸದ ಸ್ಥಳಗಳ ಪಟ್ಟಿ ಬರೆದು, ಒಂದೊಂದರ ಮುಂದೆ ಈ ಮೂರೂ ಉತ್ತರ ತುಂಬಿ. ನಿಮಗೆ ಬೇಕಾದ ಕ್ಯಾಮೆರಾ ಯಾವುದೆಂದು ಆ ಪಟ್ಟಿಯೇ ಹೇಳುತ್ತದೆ.