ರಹಸ್ಯ ಬಯಲಾದ ಮೇಲೆ: ಹಿಚ್‌ಕಾಕ್ ಚಿತ್ರಗಳ ಮರುವೀಕ್ಷಣೆ

1

ಪತ್ತೇದಾರಿ ಕಾದಂಬರಿ ಎಂದೊಡನೆ ಕನ್ನಡ ಓದುಗರಿಗೆ ಎನ್. ನರಸಿಂಹಯ್ಯನವರ ಹೆಸರು ನೆನಪಾಗುವುದು ಸಹಜ. ಆ ಬಗೆಯ ಕೃತಿಯನ್ನು ಓದುತ್ತಿರುವವನಿಗೆ ಕೊಲೆಗಾರ ಯಾರೆಂಬುದನ್ನು ಮೊದಲೇ ಹೇಳಿಬಿಟ್ಟರೆ ಅವನ ಓದಿನ ಸುಖವೇ ಕೆಡುತ್ತದೆ. ಗುಟ್ಟು ತಿಳಿದ ಮೇಲೆ ಅದೇ ಪುಸ್ತಕವನ್ನು ಮತ್ತೆ ಕೈಗೆತ್ತಿಕೊಳ್ಳುವವರು ವಿರಳ. ಹೀಗಿರುವಾಗ, ರಹಸ್ಯ ಮತ್ತು ಭೀತಿಗಳನ್ನೇ ಬಂಡವಾಳ ಮಾಡಿಕೊಂಡವನೆಂದು ಬಹುಕಾಲ ಭಾವಿಸಲಾಗಿದ್ದ ಆಲ್ಫ್ರೆಡ್ ಹಿಚ್‌ಕಾಕ್‌ನ (1899-1980) ಚಿತ್ರಗಳು ಮಾತ್ರ ಮತ್ತೆ ಮತ್ತೆ ನೋಡಿಸಿಕೊಳ್ಳುತ್ತವೆ. ನೋಡಿದಷ್ಟೂ ಹೊಸ ವಾದಗಳಿಗೆ ಎಡೆಮಾಡಿಕೊಡುತ್ತವೆ.

ಲಂಡನ್ನಿನಲ್ಲಿ ಮೂಕಿ ಚಿತ್ರಗಳ ಕಾಲದಲ್ಲಿ ವೃತ್ತಿ ಆರಂಭಿಸಿ, 1939ರಲ್ಲಿ ಅಮೆರಿಕಕ್ಕೆ ತೆರಳಿ, ಐವತ್ತಕ್ಕೂ ಹೆಚ್ಚು ಕಥಾಚಿತ್ರಗಳನ್ನು ನಿರ್ದೇಶಿಸಿದ ಹಿಚ್‌ಕಾಕ್‌ನನ್ನು ಅವನ ಕಾಲದ ಇಂಗ್ಲಿಷ್ ವಿಮರ್ಶೆ ಬಹುಮಟ್ಟಿಗೆ ನುರಿತ ಮನರಂಜಕನೆಂದೇ ಪರಿಗಣಿಸಿತ್ತು. ಅವನು ಗಂಭೀರ ಕಲಾವಿದನೆಂದು ಗಟ್ಟಿಯಾಗಿ ವಾದಿಸಿದವರು ಫ್ರಾನ್ಸಿನ ‘ಕಾಯೆ ದು ಸಿನೆಮಾ’ ಪತ್ರಿಕೆಯ ತರುಣ ವಿಮರ್ಶಕರು. ಅವರಲ್ಲಿ ಎರಿಕ್ ರೋಮರ್ ಮತ್ತು ಕ್ಲೋದ್ ಶಬ್ರೋಲ್ 1957ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಒಬ್ಬನ ಅಪರಾಧದ ಭಾರ ಮತ್ತೊಬ್ಬನ ಮೇಲೆ ವರ್ಗವಾಗುವುದೇ ಈ ಚಿತ್ರಗಳ ಕೇಂದ್ರ ವಸ್ತುವೆಂದು ಗುರುತಿಸಿದರು. ಹಿಚ್‌ಕಾಕ್‌ನನ್ನು ನಾವೇಕೆ ಗಂಭೀರವಾಗಿ ಪರಿಗಣಿಸಬೇಕು ಎಂಬ ಪ್ರಶ್ನೆಯಿಂದಲೇ ರಾಬಿನ್ ವುಡ್ ಅವರ 1965ರ ಇಂಗ್ಲಿಷ್ ಅಧ್ಯಯನ ಆರಂಭವಾಗುತ್ತದೆ.

ಪ್ರಸ್ತುತ ಲೇಖನ ಎರಡು ಪ್ರಶ್ನೆಗಳನ್ನು ಎತ್ತಿಕೊಳ್ಳುತ್ತದೆ. ಮೊದಲನೆಯದು ರಚನೆಗೆ ಸಂಬಂಧಿಸಿದ್ದು: ರಹಸ್ಯ ತಿಳಿದ ಮೇಲೂ ಈ ಚಿತ್ರಗಳಲ್ಲಿ ಉಳಿಯುವುದೇನು? ಎರಡನೆಯದು ಮೌಲ್ಯಕ್ಕೆ ಸಂಬಂಧಿಸಿದ್ದು: ಸ್ತ್ರೀಯನ್ನು ದಿಟ್ಟಿಸುವ, ಹಿಂಬಾಲಿಸುವ, ತನ್ನಿಚ್ಛೆಯಂತೆ ತಿದ್ದುವ ಪುರುಷರ ಕತೆಗಳನ್ನು ಹೇಳಿದ ಈ ನಿರ್ದೇಶಕನನ್ನು ಇಂದು ಹೇಗೆ ಓದಬೇಕು? ಮೊದಲ ಪ್ರಶ್ನೆಗೆ ದೊರೆಯುವ ಉತ್ತರವೇ ಎರಡನೆಯದಕ್ಕೂ ಒಂದು ಅಳತೆಗೋಲನ್ನು ಒದಗಿಸುತ್ತದೆ ಎಂಬುದು ಇಲ್ಲಿನ ನಿಲುವು.

2

ಫ್ರೆಂಚ್ ನಿರ್ದೇಶಕ ಫ್ರಾಂಸ್ವಾ ಟ್ರುಫೋ 1962ರಲ್ಲಿ ನಡೆಸಿದ, 1966ರಲ್ಲಿ ಪುಸ್ತಕರೂಪದಲ್ಲಿ ಬಂದ ದೀರ್ಘ ಸಂದರ್ಶನದಲ್ಲಿ ಹಿಚ್‌ಕಾಕ್ ಅಚ್ಚರಿ ಮತ್ತು ಸಸ್ಪೆನ್ಸ್‌ಗಳ ನಡುವಣ ವ್ಯತ್ಯಾಸವನ್ನು ಒಂದು ದೃಷ್ಟಾಂತದ ಮೂಲಕ ವಿವರಿಸಿದ್ದಾನೆ. ಮೇಜಿನ ಸುತ್ತ ಕುಳಿತು ಕೆಲವರು ಲೋಕಾಭಿರಾಮವಾಗಿ ಮಾತನಾಡುತ್ತಿದ್ದಾರೆ. ಮೇಜಿನ ಕೆಳಗಿರುವ ಬಾಂಬು ಥಟ್ಟನೆ ಸಿಡಿದರೆ ಪ್ರೇಕ್ಷಕನಿಗೆ ದೊರೆಯುವುದು ಹದಿನೈದು ಸೆಕೆಂಡುಗಳ ಅಚ್ಚರಿ. ಬಾಂಬು ಇರುವುದೂ ಅದು ಸಿಡಿಯುವ ಹೊತ್ತೂ ಪ್ರೇಕ್ಷಕನಿಗೆ ಮೊದಲೇ ತಿಳಿದಿದ್ದರೆ, ಅದೇ ಹರಟೆ ಹದಿನೈದು ನಿಮಿಷಗಳ ತಳಮಳವಾಗುತ್ತದೆ. ಪಾತ್ರಗಳಿಗೆ ಕೂಗಿ ಎಚ್ಚರಿಸಬೇಕೆಂದು ಅವನ ಮನಸ್ಸು ಹಾತೊರೆಯುತ್ತದೆ.

ಈ ಪ್ರಸಿದ್ಧ ದೃಷ್ಟಾಂತದ ಒಂದು ಫಲಿತವನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ. ಸಸ್ಪೆನ್ಸ್ ಎಂಬುದಕ್ಕೆ ನಾವು ರೂಢಿಯಲ್ಲಿ ಬಳಸುವ ‘ಕುತೂಹಲ’ ಎಂಬ ಪದ ಸಾಲದು. ಕುತೂಹಲ ಹುಟ್ಟುವುದು ತಿಳಿಯದಿರುವುದರಿಂದ. ಸಸ್ಪೆನ್ಸ್ ಹುಟ್ಟುವುದು ತಿಳಿದಿರುವುದರಿಂದ. ತಿಳಿದೂ ಏನನ್ನೂ ಮಾಡಲಾಗದ ಸ್ಥಿತಿ ಅದು. ಆದ್ದರಿಂದ ‘ಕಾತರ’ ಎಂಬುದು ಇದಕ್ಕೆ ಹೆಚ್ಚು ಸಮೀಪದ ಪದವೆನ್ನಬಹುದು. ಕುತೂಹಲ ಉತ್ತರ ದೊರೆತೊಡನೆ ತಣಿಯುತ್ತದೆ. ಕಾತರ ಹಾಗಲ್ಲ. ಎಷ್ಟನೆಯ ಸಲ ನೋಡಿದರೂ ಪಾತ್ರಕ್ಕೆ ತಿಳಿಯದಿರುವುದು ನಮಗೆ ತಿಳಿದೇ ಇರುತ್ತದೆ.

ಕಾವ್ಯವನ್ನು ಬಲ್ಲವರಿಗೆ ಇದು ಅಪರಿಚಿತ ಸಂಗತಿಯಲ್ಲ. ಮಹಾಭಾರತದ ಶಕುಂತಲೋಪಾಖ್ಯಾನದಲ್ಲಿ ದುಷ್ಯಂತ ಎಲ್ಲವನ್ನೂ ಬಲ್ಲವನಾಗಿದ್ದೂ ಅರಿಯದವನಂತೆ ನಟಿಸುತ್ತಾನೆ. ಕಾಳಿದಾಸ ದುರ್ವಾಸನ ಶಾಪವನ್ನು ಹೊಸದಾಗಿ ತಂದು, ಅದು ಸಖಿಯರ ಕಿವಿಗೂ ಪ್ರೇಕ್ಷಕರ ಕಿವಿಗೂ ಬೀಳುವಂತೆ ಮಾಡಿ, ಶಕುಂತಲೆಗೆ ಮಾತ್ರ ತಿಳಿಯದಂತೆ ಇರಿಸಿದ. ಬಸವಪ್ಪಶಾಸ್ತ್ರಿಗಳ ಅನುವಾದದ ಮೂಲಕ ಕನ್ನಡಕ್ಕೂ ಬಂದ ಈ ನಾಟಕದ ಐದನೆಯ ಅಂಕ ಪ್ರತಿ ಓದಿನಲ್ಲೂ ಕಾಡುವುದಕ್ಕೆ ಈ ತಿಳಿವಳಿಕೆಯ ಹಂಚಿಕೆಯೇ ಕಾರಣ. ಹಿಚ್‌ಕಾಕ್‌ನಿಗೂ ಕಾಳಿದಾಸನಿಗೂ ಪ್ರಭಾವದ ಸಂಬಂಧವನ್ನು ಕಲ್ಪಿಸುವ ಉದ್ದೇಶ ಇಲ್ಲಿಲ್ಲ. ಯಾರಿಗೆ, ಯಾವಾಗ, ಎಷ್ಟು ತಿಳಿಸಬೇಕು ಎಂಬುದು ಕಥನದ ಮೂಲಭೂತ ನಿರ್ಧಾರ ಎಂಬುದಷ್ಟೇ ತಾತ್ಪರ್ಯ.

ಈ ನಿರ್ಧಾರ ನೈತಿಕವೂ ಹೌದೆಂಬುದಕ್ಕೆ ‘ಸ್ಯಾಬೊಟಾಜ್’ (1936) ನಿದರ್ಶನ. ಜೋಸೆಫ್ ಕಾನ್ರಾಡ್‌ನ ಕಾದಂಬರಿಯನ್ನು ಆಧರಿಸಿದ ಈ ಚಿತ್ರದಲ್ಲಿ ಸ್ಟೀವಿ ಎಂಬ ಬಾಲಕ ಬಾಂಬಿರುವ ಪೊಟ್ಟಣವನ್ನು ಅರಿಯದೆ ಹೊತ್ತು ಲಂಡನ್ನಿನ ಬೀದಿಗಳಲ್ಲಿ ಸಾಗುತ್ತಾನೆ. ಬೀದಿ ವ್ಯಾಪಾರಿ, ಮೆರವಣಿಗೆ, ವಾಹನ ದಟ್ಟಣೆಗಳಿಂದ ಅವನಿಗೆ ತಡವಾಗುತ್ತದೆ. ಕೊನೆಗೆ ಬಸ್ಸಿನಲ್ಲಿ ಬಾಂಬು ಸಿಡಿದು ಅವನು ಸಾಯುತ್ತಾನೆ. ಪ್ರೇಕ್ಷಕರು ಇದರಿಂದ ಕೆರಳಿದರೆಂದೂ ಅದು ತನ್ನ ತಪ್ಪೆಂದೂ ಹಿಚ್‌ಕಾಕ್ ಮುಂದೆ ಒಪ್ಪಿಕೊಂಡ. ಬಾಲಕನ ಬಗೆಗೆ ಪ್ರೇಕ್ಷಕನಲ್ಲಿ ಅಷ್ಟೊಂದು ಕಾತರವನ್ನು ಹುಟ್ಟಿಸಿದ ಮೇಲೆ ಅದಕ್ಕೆ ಬಿಡುಗಡೆ ನೀಡಬೇಕಾಗಿತ್ತು ಎಂಬುದು ಅವನ ವಿವರಣೆ. ತಿಳಿವಳಿಕೆಯನ್ನು ಕೊಟ್ಟವನ ಮೇಲೆ ಒಂದು ಹೊಣೆಯೂ ಬೀಳುತ್ತದೆ ಎಂಬ ಅರಿವು ಈ ಮಾತಿನಲ್ಲಿದೆ. ಈ ಹೊಣೆಯ ಪ್ರಶ್ನೆ ಮುಂದಿನ ಚರ್ಚೆಗೆ ಮುಖ್ಯ.

3

‘ವರ್ಟಿಗೊ’ (1958) ಚಿತ್ರದ ಸ್ವೀಕಾರದ ಇತಿಹಾಸವೇ ಮರುವೀಕ್ಷಣೆಯ ಇತಿಹಾಸ. ಬಿಡುಗಡೆಯಾದಾಗ ಮಿಶ್ರ ಪ್ರತಿಕ್ರಿಯೆ ಪಡೆದ ಈ ಚಿತ್ರ ಹಲವು ವರ್ಷ ಪ್ರದರ್ಶನದಿಂದ ದೂರವಿದ್ದು, 1980ರ ದಶಕದ ಮೊದಲಾರ್ಧದಲ್ಲಿ ಮರಳಿ ತೆರೆಗೆ ಬಂತು. 1996ರಲ್ಲಿ ಅದರ ಪ್ರತಿಯನ್ನು ಪುನರುದ್ಧಾರಗೊಳಿಸಲಾಯಿತು. ಬ್ರಿಟನ್ನಿನ ‘ಸೈಟ್ ಅಂಡ್ ಸೌಂಡ್’ ಪತ್ರಿಕೆ ಹತ್ತು ವರ್ಷಗಳಿಗೊಮ್ಮೆ ನಡೆಸುವ ವಿಮರ್ಶಕರ ಮತಗಣನೆಯಲ್ಲಿ ಅದು 1982ರಲ್ಲಿ ಮೊದಲ ಸಲ ಹತ್ತರೊಳಗೆ ಸೇರಿತು. 2012ರಲ್ಲಿ ‘ಸಿಟಿಜನ್ ಕೇನ್’ ಚಿತ್ರವನ್ನು ಹಿಂದಿಕ್ಕಿ ಮೊದಲನೆಯದಾಯಿತು. 2022ರಲ್ಲಿ ಶಾಂತಾಲ್ ಅಕರ್ಮನ್ ಅವರ ‘ಜಾನ್ ಡೀಲ್ಮನ್’ ಚಿತ್ರಕ್ಕೆ ಆ ಸ್ಥಾನವನ್ನು ಬಿಟ್ಟುಕೊಟ್ಟು ಎರಡನೆಯದಾಯಿತು.

ಸ್ಯಾನ್‌ಫ್ರಾನ್ಸಿಸ್ಕೊದ ಮಾಜಿ ಪತ್ತೇದಾರ ಸ್ಕಾಟಿಗೆ ಎತ್ತರದ ಭಯ. ಎಲ್‌ಸ್ಟರ್ ಎಂಬ ಗೆಳೆಯ ತನ್ನ ಹೆಂಡತಿ ಮೆಡಲಿನ್‌ಳನ್ನು ಹಿಂಬಾಲಿಸುವಂತೆ ಅವನನ್ನು ಕೇಳಿಕೊಳ್ಳುತ್ತಾನೆ. ಸ್ಕಾಟಿ ಅವಳನ್ನು ಪ್ರೀತಿಸತೊಡಗುತ್ತಾನೆ. ಅವಳು ಗೋಪುರದಿಂದ ಬಿದ್ದು ಸಾಯುತ್ತಾಳೆ. ಮುಂದೆ ಅವಳನ್ನೇ ಹೋಲುವ ಜೂಡಿ ಎಂಬವಳನ್ನು ಕಂಡು, ಅವಳ ಉಡುಗೆ, ಕೂದಲಿನ ಬಣ್ಣ ಎಲ್ಲವನ್ನೂ ಬದಲಿಸಿ, ಸತ್ತವಳನ್ನು ಮರಳಿ ಪಡೆಯಲು ಹೆಣಗುತ್ತಾನೆ. ವಾಸ್ತವವಾಗಿ ಅವನು ಪ್ರೀತಿಸಿದ್ದು ಜೂಡಿಯನ್ನೇ. ಎಲ್‌ಸ್ಟರ್ ತನ್ನ ಹೆಂಡತಿಯ ಕೊಲೆಯನ್ನು ಮರೆಮಾಚಲು ಜೂಡಿಯಿಂದ ಮೆಡಲಿನ್‌ಳ ವೇಷ ಹಾಕಿಸಿದ್ದ.

ಬ್ವಾಲೊ ಮತ್ತು ನಾರ್ಸೆಜಾಕ್ ಬರೆದ ಮೂಲ ಫ್ರೆಂಚ್ ಕಾದಂಬರಿ (1954) ಈ ಸತ್ಯವನ್ನು ಕೊನೆಯವರೆಗೂ ಬಚ್ಚಿಡುತ್ತದೆ. ಹಿಚ್‌ಕಾಕ್ ಚಿತ್ರದ ಮೂರನೆಯ ಎರಡು ಭಾಗ ಕಳೆಯುವಷ್ಟರಲ್ಲೇ, ಜೂಡಿ ಬರೆದು ಹರಿದುಹಾಕುವ ಪತ್ರವೊಂದರ ಮೂಲಕ ಅದನ್ನು ಪ್ರೇಕ್ಷಕನಿಗೆ ತಿಳಿಸಿಬಿಡುತ್ತಾನೆ. ಈ ದೃಶ್ಯವನ್ನು ಉಳಿಸಬೇಕೆ ಎಂಬ ಬಗ್ಗೆ ಚಿತ್ರತಂಡದಲ್ಲಿಯೇ ಭಿನ್ನಾಭಿಪ್ರಾಯವಿತ್ತು. ಅದು ಉಳಿದದ್ದರಿಂದ ಚಿತ್ರದ ಸ್ವರೂಪವೇ ಬದಲಾಯಿತು. ಅಲ್ಲಿಯವರೆಗೆ ಸ್ಕಾಟಿಯ ಕಣ್ಣಿನಿಂದ ನೋಡುತ್ತಿದ್ದ ಪ್ರೇಕ್ಷಕ ಈಗ ಅವನಿಗೆ ತಿಳಿಯದ್ದನ್ನು ಜೂಡಿಯೊಡನೆ ಹಂಚಿಕೊಳ್ಳುತ್ತಾನೆ. ಉಡುಪಿನ ಅಂಗಡಿಯಲ್ಲಿ ಸ್ಕಾಟಿ ಅವಳಿಗೆ ಬೂದುಬಣ್ಣದ ಉಡುಗೆಯನ್ನು ಹಟದಿಂದ ಆರಿಸುವಾಗ, ಪ್ರೇಮವೆಂದು ತೋರಬಹುದಾಗಿದ್ದ ವರ್ತನೆ ಹಿಂಸೆಯಾಗಿ ಕಾಣುತ್ತದೆ.

ಎರಡನೆಯ ವೀಕ್ಷಣೆಯಲ್ಲಿ ಇನ್ನೂ ಮಹತ್ತ್ವದ ಪಲ್ಲಟವೊಂದು ಸಂಭವಿಸುತ್ತದೆ. ಮೊದಲ ಸಲ ಕುತೂಹಲದ ಕತೆಯಾಗಿದ್ದ ಪೂರ್ವಾರ್ಧವೂ ಈಗ ಕಾತರದ ಕತೆಯಾಗುತ್ತದೆ. ಸ್ಕಾಟಿಯ ಮನೆಯಲ್ಲಿ ಎಚ್ಚರಗೊಳ್ಳುವ ಹೆಣ್ಣು ನಿಗೂಢ ಮೆಡಲಿನ್ ಅಲ್ಲ, ಪಾತ್ರವೊಂದನ್ನು ಅಭಿನಯಿಸುತ್ತಿರುವ ಜೂಡಿ. ಗೋಪುರವನ್ನೇರುವ ಮುನ್ನ ಅವಳು ಆಡುವ ಪ್ರೀತಿಯ ಮಾತು ಅಭಿನಯವೋ ನಿಜವೋ ಎಂದು ನಾವು ತಡಕಾಡುತ್ತೇವೆ. ಮೊದಲ ವೀಕ್ಷಣೆಯಲ್ಲಿ ನೋಟದ ವಸ್ತುವಾಗಿದ್ದವಳು ಎರಡನೆಯದರಲ್ಲಿ ಅನುಭವದ ಕೇಂದ್ರವಾಗುತ್ತಾಳೆ. ಕಿಮ್ ನೊವಾಕ್ ಅವರ ಅಭಿನಯದ ಸೂಕ್ಷ್ಮಗಳು ಪೂರ್ಣವಾಗಿ ತೆರೆದುಕೊಳ್ಳುವುದು ಆಗಲೇ. ಮರುವೀಕ್ಷಣೆ ಇಲ್ಲಿ ಪುನರಾವರ್ತನೆಯಲ್ಲ. ಅದು ಬೇರೊಂದು ಚಿತ್ರದ ವೀಕ್ಷಣೆ.

4

ಈ ಹಿನ್ನೆಲೆಯಲ್ಲಿ ಸ್ತ್ರೀವಾದಿ ವಿಮರ್ಶೆಯ ವಾದಗಳನ್ನು ಪರಿಶೀಲಿಸಬಹುದು. ಲಾರಾ ಮಲ್ವಿ 1975ರಲ್ಲಿ ‘ಸ್ಕ್ರೀನ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧ, ಹಾಲಿವುಡ್ ಚಿತ್ರಗಳಲ್ಲಿ ನೋಡುವವನು ಪುರುಷ, ನೋಟಕ್ಕೆ ಒಳಗಾಗುವವಳು ಸ್ತ್ರೀ ಎಂಬ ವ್ಯವಸ್ಥೆಯನ್ನು ಬಯಲಿಗೆಳೆಯಿತು. ಅವರು ಆರಿಸಿಕೊಂಡ ನಿದರ್ಶನಗಳಲ್ಲಿ ‘ರಿಯರ್ ವಿಂಡೋ’ (1954) ಮತ್ತು ‘ವರ್ಟಿಗೊ’ ಇವೆ. ಮೊದಲನೆಯದರ ನಾಯಕ ಕಾಲು ಮುರಿದು ಕುಳಿತಲ್ಲಿಂದಲೇ ಎದುರು ಮನೆಗಳನ್ನು ಇಣುಕಿ ನೋಡುವ ಛಾಯಾಗ್ರಾಹಕ. ತಾನಿಯಾ ಮೊಡ್ಲೆಸ್ಕಿ 1988ರ ತಮ್ಮ ಪುಸ್ತಕದಲ್ಲಿ ಈ ವಾದವನ್ನು ತಿದ್ದಿ ಬೆಳೆಸಿದರು. ಹಿಚ್‌ಕಾಕ್‌ನನ್ನು ಸ್ತ್ರೀದ್ವೇಷಿಯೆಂದಾಗಲಿ ಸ್ತ್ರೀಪರನೆಂದಾಗಲಿ ಸರಳವಾಗಿ ಹೇಳಲಾಗದು, ಸ್ತ್ರೀತ್ವದ ಬಗೆಗಿನ ಆಕರ್ಷಣೆ ಮತ್ತು ಭಯಗಳೆರಡೂ ಅಲ್ಲಿ ಹೆಣೆದುಕೊಂಡಿವೆ ಎಂಬುದು ಅವರ ನಿಲುವು. ರಾಬಿನ್ ವುಡ್ 1989ರಲ್ಲಿ ತಮ್ಮ ಹಳೆಯ ಪಠ್ಯವನ್ನು ಉಳಿಸಿಕೊಂಡೇ ಹೊಸ ಲೇಖನಗಳನ್ನು ಸೇರಿಸಿ, ಈ ಚಿತ್ರಗಳನ್ನು ಸ್ತ್ರೀವಾದಕ್ಕಾಗಿ ಉಳಿಸಿಕೊಳ್ಳಲು ಸಾಧ್ಯವೇ ಎಂದು ಪ್ರಶ್ನಿಸಿಕೊಂಡರು. ವಿಮರ್ಶಕನೊಬ್ಬ ತನ್ನ ಹಿಂದಿನ ಓದಿನೊಡನೆ ತಾನೇ ನಡೆಸಿದ ವಾಗ್ವಾದವಾಗಿ ಆ ಕೃತಿ ಗಮನಾರ್ಹ.

ಹಿಚ್‌ಕಾಕ್‌ನ ಸಮರ್ಥಕರು ಸಾಮಾನ್ಯವಾಗಿ ಮಂಡಿಸುವ ವಾದವೆಂದರೆ, ಅವನ ಚಿತ್ರಗಳು ಪ್ರೇಕ್ಷಕನನ್ನೇ ಕಟಕಟೆಯಲ್ಲಿ ನಿಲ್ಲಿಸುತ್ತವೆ ಎಂಬುದು. ಇದರಲ್ಲಿ ಹುರುಳಿದೆ. ‘ಸೈಕೊ’ (1960) ಚಿತ್ರದಲ್ಲಿ ನಾರ್ಮನ್ ಕೊಲೆಯಾದವಳ ಶವವಿರುವ ಕಾರನ್ನು ಜೌಗಿನಲ್ಲಿ ಮುಳುಗಿಸುತ್ತಾನೆ. ಅರ್ಧ ಮುಳುಗಿದ ಕಾರು ಕ್ಷಣಕಾಲ ನಿಂತುಬಿಡುತ್ತದೆ. ಆಗ ಅದು ಮುಳುಗಿಬಿಡಲಿ ಎಂದು ನಾವೂ ಬಯಸುತ್ತೇವೆ. ‘ರಿಯರ್ ವಿಂಡೋ’ದಲ್ಲಿ ಶಂಕಿತ ಕೊಲೆಗಾರ ತಲೆಯೆತ್ತಿ ನೇರವಾಗಿ ಕ್ಯಾಮೆರಾದತ್ತ ನೋಡಿದಾಗ ಸಿಕ್ಕಿಬೀಳುವುದು ನಾಯಕನೊಬ್ಬನೇ ಅಲ್ಲ. ಆದರೆ ಪ್ರೇಕ್ಷಕನ ಮೇಲೆ ಆರೋಪ ಹೊರಿಸಿದ ಮಾತ್ರಕ್ಕೆ ನಿರ್ದೇಶಕ ತಾನು ನಿರಪರಾಧಿಯಾಗುವನೆ ಎಂಬ ಪ್ರಶ್ನೆ ಉಳಿಯುತ್ತದೆ.

5

ಈ ಪ್ರಶ್ನೆ ತೀಕ್ಷ್ಣವಾಗುವುದು ‘ಮಾರ್ನಿ’ (1964) ಚಿತ್ರದಲ್ಲಿ. ಪುರುಷ ಸ್ಪರ್ಶವನ್ನು ಸಹಿಸಲಾರದ ಮಾರ್ನಿಯನ್ನು, ಅವಳ ಕಳ್ಳತನದ ಗುಟ್ಟನ್ನು ಹಿಡಿದುಕೊಂಡು ಮಾರ್ಕ್ ಮದುವೆಯಾಗುತ್ತಾನೆ. ಮಧುಚಂದ್ರದ ಹಡಗಿನಲ್ಲಿ ಅವಳ ಮೇಲೆ ಬಲಾತ್ಕಾರ ನಡೆಸುತ್ತಾನೆ. ಈ ದೃಶ್ಯವನ್ನು ವಿರೋಧಿಸಿದ ಚಿತ್ರಕಥೆಗಾರ ಇವಾನ್ ಹಂಟರ್‌ರನ್ನು ಕೈಬಿಟ್ಟು ಜೇ ಪ್ರೆಸನ್ ಆಲನ್‌ರಿಂದ ಚಿತ್ರಕಥೆ ಬರೆಸಲಾಯಿತು. ಮಾರ್ನಿಯ ಪಾತ್ರ ವಹಿಸಿದ ಟಿಪ್ಪಿ ಹೆಡ್ರನ್ 2016ರ ತಮ್ಮ ಆತ್ಮಕಥನದಲ್ಲಿ, ಹಿಚ್‌ಕಾಕ್ ತಮಗೆ ಲೈಂಗಿಕ ಕಿರುಕುಳ ನೀಡಿದನೆಂದು ಬರೆದಿದ್ದಾರೆ. ಅಂತಹ ಅನುಭವ ತಮಗಾಗಿರಲಿಲ್ಲ ಎಂದಿರುವ ನಟಿಯರೂ ಇದ್ದಾರೆ. ನಿರ್ದೇಶಕ ಆ ವೇಳೆಗೆ ಜೀವಂತವಾಗಿರಲಿಲ್ಲ. ಆದರೂ ಈ ಸಾಕ್ಷ್ಯವನ್ನು ಬದಿಗಿಟ್ಟು ಚಿತ್ರವನ್ನು ನೋಡುವುದು ಈಗ ಸಾಧ್ಯವಿಲ್ಲ. ಅದು ನಮಗೆ ಬಂದೊದಗಿರುವ ತಿಳಿವಳಿಕೆ.

ಜೀವನಚರಿತ್ರೆಯ ಸಾಕ್ಷ್ಯದಿಂದ ಕೃತಿಯ ಮೌಲ್ಯವನ್ನು ನಿರ್ಣಯಿಸಬಾರದೆಂಬ ಆಕ್ಷೇಪವನ್ನು ಇಲ್ಲಿ ನಿರೀಕ್ಷಿಸಬಹುದು. ಆದರೆ ‘ಮಾರ್ನಿ’ಯ ಸಮಸ್ಯೆ ಅದರ ರಚನೆಯಲ್ಲಿಯೇ ಇದೆ. ‘ವರ್ಟಿಗೊ’ದಲ್ಲಿ ರಹಸ್ಯವನ್ನು ಬಲ್ಲವಳು ಜೂಡಿ, ಚಿತ್ರ ಅವಳ ಅರಿವನ್ನು ನಮಗೆ ಕೊಡುತ್ತದೆ. ‘ಮಾರ್ನಿ’ಯಲ್ಲಿ ನಾಯಕಿಯೇ ರಹಸ್ಯ, ಅವಳ ಬಾಲ್ಯದ ಗುಟ್ಟು ಅವಳಿಗೇ ತಿಳಿಯದು, ಅದನ್ನು ಬಿಡಿಸುವವನು ಮಾರ್ಕ್. ತಾಯಿಯ ಮನೆಯಲ್ಲಿ ಆ ಗುಟ್ಟು ಬಯಲಾದೊಡನೆ ಎಲ್ಲವೂ ಅರ್ಥವಾದಂತೆ ಕತೆ ಮುಗಿಯುತ್ತದೆ. ಹಡಗಿನಲ್ಲಿ ನಡೆದದ್ದಕ್ಕೆ ಮಾರ್ಕ್ ಯಾರಿಗೂ ಉತ್ತರಿಸಬೇಕಾಗುವುದಿಲ್ಲ. ಬಲಾತ್ಕಾರದ ಹೊತ್ತಿನ ಮಾರ್ನಿಯ ಶೂನ್ಯ ಮುಖವನ್ನು ನಮಗೆ ತೋರಿಸಿದ ಚಿತ್ರ, ಆ ತಿಳಿವಳಿಕೆಯ ಹೊಣೆಯನ್ನು ಹೊರದೆ ಒಗಟು ಬಿಡಿಸುವ ಪತ್ತೇದಾರಿಕೆಗೆ ಮರಳುತ್ತದೆ. ಬಾಲಕ ಸ್ಟೀವಿಯ ವಿಷಯದಲ್ಲಿ ತಾನು ಒಪ್ಪಿಕೊಂಡ ಹೊಣೆಯನ್ನು ಹಿಚ್‌ಕಾಕ್ ಇಲ್ಲಿ ಒಪ್ಪಿಕೊಂಡಂತೆ ಕಾಣುವುದಿಲ್ಲ. ವುಡ್ ಅವರು ಈ ಚಿತ್ರವನ್ನು ಬಹುವಾಗಿ ಮೆಚ್ಚಿದ್ದಾರೆ. ಅದರ ವರ್ಣಯೋಜನೆ ಮತ್ತು ಹೆಡ್ರನ್‌ರ ಅಭಿನಯ ಆ ಮೆಚ್ಚುಗೆಗೆ ಅರ್ಹವಾದವೇ. ಆದರೆ ಮರುವೀಕ್ಷಣೆಯಲ್ಲಿ ‘ವರ್ಟಿಗೊ’ ಹಿಗ್ಗುವಂತೆ ‘ಮಾರ್ನಿ’ ಹಿಗ್ಗುವುದಿಲ್ಲ ಎಂಬುದು ಪ್ರಸ್ತುತ ಲೇಖಕನ ಅಭಿಪ್ರಾಯ.

6

ಹಿಚ್‌ಕಾಕ್‌ನನ್ನು ಒಟ್ಟಾಗಿ ಮನ್ನಿಸುವುದೂ ಒಟ್ಟಾಗಿ ತಿರಸ್ಕರಿಸುವುದೂ ಚಿತ್ರಗಳನ್ನು ನೋಡುವ ಶ್ರಮವನ್ನು ತಪ್ಪಿಸುವ ದಾರಿಗಳು. ತಿಳಿವಳಿಕೆಯನ್ನು ಯಾರ ಪಾಲಿಗೆ ಕೊಡಲಾಗಿದೆ, ಅದರ ಭಾರವನ್ನು ಕತೆ ಕೊನೆಯವರೆಗೆ ಹೊರುತ್ತದೆಯೆ ಎಂದು ಪ್ರತಿ ಚಿತ್ರವನ್ನೂ ಬಿಡಿಯಾಗಿ ಕೇಳಬೇಕಾಗುತ್ತದೆ. ಅದೇ ನಿರ್ದೇಶಕ ಆರು ವರ್ಷಗಳ ಅಂತರದಲ್ಲಿ ಈ ಪ್ರಶ್ನೆಗೆ ಎರಡು ಭಿನ್ನ ಉತ್ತರಗಳನ್ನು ಕೊಟ್ಟಿದ್ದಾನೆ. ತರಗತಿಯಲ್ಲಿ ‘ವರ್ಟಿಗೊ’ವನ್ನು ಚರ್ಚೆಗೆ ಎತ್ತಿಕೊಳ್ಳುವ ಅಧ್ಯಾಪಕರು ವಿದ್ಯಾರ್ಥಿಗಳಿಗೆ ಅದನ್ನು ಎರಡು ಸಲ ತೋರಿಸುವುದು ಒಳಿತು. ಮೊದಲ ಸಲ ಅವರು ಸ್ಕಾಟಿಯ ಜೊತೆಯಲ್ಲಿ ಮೆಡಲಿನ್‌ಳನ್ನು ಹಿಂಬಾಲಿಸುತ್ತಾರೆ. ಎರಡನೆಯ ಸಲ ಹಿಂದೆ ಬರುತ್ತಿರುವವನ ಹೆಜ್ಜೆಗಳನ್ನು ಜೂಡಿಯೊಡನೆ ಆಲಿಸುತ್ತಾರೆ.